ಆರು ಆಂಟೆನಾದ ಡಬ್ಬಿ

ಸಮತ್ ಅಡುಗೆಮನೆಯ ನೆಲದ ಮೇಲೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮೇಜಿನ ಮೇಲೆ ಚಹಾದ ಎರಡು ಬಟ್ಟಲು. ಗೋಡೆಯಲ್ಲಿದ್ದ ಆರು ಆಂಟೆನಾದ ವೈಫೈ ಡಬ್ಬಿ ಮಾಯವಾಗಿ ತಂತಿ ಮಾತ್ರ ಜೋತಾಡುತ್ತಿತ್ತು. ಬಜಾರಿನಿಂದ ಮರಳಿದ ತಾಯಿ ಸಾಯ್ರಾ ಕಂಡದ್ದು ಇದನ್ನು.

ಬಿಷ್ಕೆಕ್‌ನ ನಮ್ಮ ಠಾಣೆಯ ದೊಡ್ಡ ಸಾಹೇಬರಿಗೆ ಯೋಚನೆ ಎಂದರೆ ಅಲರ್ಜಿ. ಸತ್ತವನ ತಮ್ಮ ಬೆಕ್ತುರ್‌ನನ್ನು ಸಂಜೆಯೊಳಗೆ ಲಾಕಪ್ಪಿಗೆ ತಳ್ಳಿದರು. ಹಿಂದಿನ ದಿನ ಅಣ್ಣತಮ್ಮಂದಿರು ಕಿತ್ತಾಡಿದ್ದು ನೆರೆಯವರಿಗೆ ಕೇಳಿಸಿತ್ತಂತೆ. ಇನ್ನೇನು ಬೇಕು!

"ನಾಳೆ ಮಧ್ಯಾಹ್ನ ಮಣ್ಣು ಮಾಡ್ಬೇಕು," ಎಂದಳು ಸಾಯ್ರಾ. "ಒಬ್ಬ ಹೋದ. ಇನ್ನೊಬ್ಬನ್ನೂ ನುಂಗ್ತೀರಾ?"

ಮನೆಯನ್ನು ಪರಿಶೀಲಿಸಲು ಬಂದಿದ್ದ ಕ್ಯಾಪ್ಟನ್ ಬುರುಲ್ ಮೇಡಂ ಅಲ್ಲಿಂದಲೇ ಡ್ರೈವರಾದ ನನಗೆ ಜೀಪು ತೆಗೆಯಲು ಹೇಳಿದರು.

* * *

ಲಾಕಪ್ಪಿನಲ್ಲಿ ಬೆಕ್ತುರ್ ಅತ್ತು ಅತ್ತು ಬತ್ತಿಹೋಗಿದ್ದ.

"ಜಗಳ ಯಾಕಾಯ್ತು?" ಎಂದರು ಬುರುಲ್.

"ರೌಟರಿಗೆ, ಎಜೆ," ಎಂದ, ಹಿರಿಯಕ್ಕನನ್ನು ಕರೆಯುವಂತೆ.

"ಅದಕ್ಕೂ ಜಗಳ ಆಡ್ತಾರೇನೋ?"

"ನಮ್ಮನೇಲಿ ಆಡ್ತೀವಿ. ಸಾವಿರ ಮೆಗಾಬಿಟ್ ಇಂಟರ್ನೆಟ್ ಲೈನ್ ಹಾಕಿಸಿದ್ವಿ. ಒಳಗಿನ ಪ್ರೋಗ್ರಾಂ ಯಾರು ಬೇಕಾದ್ರೂ ನೋಡಿ ತಿದ್ದೋ ಹಾಗಿರ್ಬೇಕು, ಓಪನ್ ಸೋರ್ಸ್ ಫರ್ಮ್‌ವೇರೇ ಬೇಕು ಅಂತ ಅಣ್ಣನ ಹಟ. ನಾನು ಬಜಾರಲ್ಲಿ ಅಂಗಡಿ ಇಟ್ಟಿರೋ ಮೆಲಿಸ್ ಹತ್ರ ಆ ಆರು ಆಂಟೆನಾ ಡಬ್ಬಿ ತಂದೆ. ನೋಡೋಕೆ ಜೋರು, ಮುನ್ನೂರಕ್ಕೇ ಉಸಿರು ಕಟ್ಟಿತು. ಬಿಚ್ಚಿದ್ರೆ ಒಳಗೆ ಹಳೇ ಪ್ರೊಸೆಸರ್, ಮೇಲೆ ಹೊಸ ಮಾಡೆಲಿನ ಚೀಟಿ."

"ಆಮೇಲೆ?"

"ಆಂಟೆನಾ ಎಣಿಸಿ ತಂದ್ಯಲ್ಲೋ ಅಂತ ಬೈದ. ಗಟ್ಟಿ ಪ್ರೊಸೆಸರ್, ಎರಡು ಕೇಬಲ್ ಪೋರ್ಟ್ ಇರೋ ಪುಟ್ಟ ಕಂಪ್ಯೂಟರ್ ತಂದು ಚಪ್ಪಲಿ ಗೂಡಿನ ಹಿಂದೆ ಇಟ್ಟ. ಈಗ ಅದೇ ರೌಟರ್. ಡಬ್ಬಿ ಬರೀ ವೈಫೈ ಹರಡೋಕೆ. ಭಾನುವಾರ ಅದನ್ನ ಕಂಪ್ಯೂಟರ್ ಹುಚ್ಚಿನ ನಮ್ಮ ಗುಂಪಿನೋರಿಗೆಲ್ಲ ಬಿಚ್ಚಿ ತೋರಿಸ್ತೀನಿ ಅಂದಿದ್ದ."

ಬುರುಲ್ ಅವನಿಂದ ವೈಫೈ ಹೆಸರು, ಪಾಸ್‌ವರ್ಡ್ ಕೇಳಿ ಬರೆದುಕೊಂಡರು.

* * *

"ಸಮತ್ತಾ? ಪಾಪ!" ಎಂದ ಮೆಲಿಸ್, ಅಂಗಡಿಯ ಗಾಜು ಒರೆಸುತ್ತ. "ಅವನ ತಮ್ಮ ನನ್ನ ಗಿರಾಕಿ. ಮನೆ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ."

"ಮಣ್ಣಿಗಾದ್ರೂ ಬರ್ತೀರಲ್ಲ?" ಎನ್ನುತ್ತ ಬುರುಲ್ ವಿಳಾಸ ಕೊಟ್ಟರು.

ಬರದೆ ಏನು ಮಾಡುತ್ತಾನೆ? ನಮ್ಮಲ್ಲಿ ಸಾವಿಗೆ ಬರದವನ ಮೇಲೆ ಊರೆಲ್ಲ ಬೆರಳು ತೋರಿಸುತ್ತದೆ.

ಪಕ್ಕದ ಅಂಗಡಿಯಲ್ಲಿ ಬುರುಲ್ ಅಗ್ಗದ ವೈಫೈ ಡಬ್ಬಿ ಕೊಂಡರು. ಸಮತ್‌ನ ಮನೆಯಲ್ಲಿ ಅದನ್ನು ಪುಟ್ಟ ಕಂಪ್ಯೂಟರಿಗೆ ಜೋಡಿಸಿ, ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಹಾಕಿ, ಕಿಟಕಿಯಲ್ಲಿಟ್ಟರು.

* * *

ಮರುದಿನ ಆ ಕಿಟಕಿಯ ಕೆಳಗೆ, ಅಂಗಳದಲ್ಲಿ, ಹೆಣವಿಟ್ಟ ಯುರ್ತ, ಅಂದರೆ ಉಣ್ಣೆಯ ದುಂಡು ಗುಡಾರ, ನಿಂತಿತ್ತು. ಒಳಗೆ ಹೆಂಗಸರ ರೋದನ. ಬಾಗಿಲಲ್ಲಿ ತಮ್ಮ ನಿಲ್ಲಬೇಕಾದ ಜಾಗ ಖಾಲಿ.

"ಅಯ್ಯೋ ನನ್ನ ತಮ್ಮಾ!" ಎಂದು, ಸಾವಿಗೆ ಬರುವ ಗಂಡಸರ ವಾಡಿಕೆಯಂತೆ, ಕೂಗುತ್ತ ಮೆಲಿಸ್ ಬಂದ. ಎಂಥ ಅಳು! ನನಗೆ ಮೈಯೆಲ್ಲ ಉರಿಯಿತು.

ಅವನು ಬೆಂಚಿನಲ್ಲಿ ಕುಳಿತಾಗ ಬುರುಲ್ ಅವನ ಪಕ್ಕಕ್ಕೆ ಬಂದು ಕುಳಿತರು.

"ನಿಮ್ಮ ಫೋನ್ ಕೊಡಿ, ನನ್ನದು ಆಫ್ ಆಗಿದೆ."

ಕೊಟ್ಟ. ಬುರುಲ್ ತೆರೆಯನ್ನು ಅವನತ್ತಲೇ ತಿರುಗಿಸಿದರು. "ಸಮತ್ ಮನೆಯ ವೈಫೈಗೆ ಸೇರಿಕೊಂಡಿದೆಯಲ್ಲ?"

"ಪಾಸ್‌ವರ್ಡ್... ಇಲ್ಲದ ವೈಫೈ ಇರ್ಬೇಕು."

"ಇದೆ. ಒಂದ್ಸಲ ಹಾಕಿದ್ರೆ ಫೋನು ಮರೆಯಲ್ಲ."

ಉಣ್ಣೆಯ ಗೋಡೆಯಾಚೆ ರೋದನ ನಿಂತಿತು. ಸಾಯ್ರಾಳ ದನಿ ಕೇಳಿತು: "ಬಂದೋರ ಫೋನಿಗೆ ಅವನೇ ಹಾಕಿ ಕೊಡ್ತಿದ್ದ. ಆಮೇಲೇ ಚಹಾ ಬಗ್ಗಿಸ್ತಿದ್ದ."

"ಕಳ್ಳನಾಗಿದ್ರೆ ಕಂಪ್ಯೂಟರ್ ಒಯ್ತಿದ್ದ," ಎಂದರು ಬುರುಲ್. "ಬೆಕ್ತುರ್‌ಗೆ ಆ ಡಬ್ಬಿ ಬರೀ ಕಸ. ಕಸ ಬೇಕಾಗಿದ್ದು ಅದನ್ನ ಮಾರಿದೋನಿಗೆ ಮಾತ್ರ. ಒಳಗಿರೋ ಮೋಸ ಭಾನುವಾರ ಬಯಲಾಗ್ತಿತ್ತು. ಡಬ್ಬಿ ಎಲ್ಲಿದೆ?"

"ಅಂಗಡಿ ಅಟ್ಟದಲ್ಲಿ," ಎಂದ ಮೆಲಿಸ್, ತಲೆ ಎತ್ತದೆ. "ಭಾನುವಾರದ ಸುದ್ದಿ ಕಿವಿಗೆ ಬಿತ್ತು, ಹೋಗಿ ವಾಪಸ್ ಕೊಡು ಅಂತ ಬೇಡ್ಕೊಂಡೆ. ಕೊಡಲ್ಲ ಅಂತ ಒಲೆ ಕಡೆ ತಿರುಗಿದ. ಕೆಟಲ್ ಕೈಗೆ ಸಿಕ್ತು."

ತಮ್ಮನನ್ನು ಲಾಕಪ್ಪಿನಿಂದ ಕರೆತರಲು ನಾನು ಜೀಪು ಓಡಿಸಿದ ಪರಿ ದೇವರಿಗೇ ಗೊತ್ತು. ಬೆಕ್ತುರ್ ಬಂದಿಳಿದಾಗ ಹೆಣ ಎತ್ತಲು ಸಿದ್ಧವಾಗಿತ್ತು.

"ಮೆಲಿಸ್ ಹತ್ರ ಆ ಡಬ್ಬಿ ಕೊಂಡಿದ್ದು ನಾನಮ್ಮಾ," ಎಂದ.

ಸಾಯ್ರಾ ಅವನ ಬಾಯಿಯ ಮೇಲೆ ಕೈಯಿಟ್ಟಳು. "ಹೋಗು. ಅಣ್ಣನಿಗೆ ಹೆಗಲು ಕೊಡು."

ಬೆಕ್ತುರ್ ಮುಂದೆ ಹೋಗಿ ಹೆಗಲು ಕೊಟ್ಟ.