ಹಿತವಸ್ತ್ರವೂ ಕನ್ನಡಿ ಲಂಗವೂ

ಬ್ಯಾಗಿನ ಜಿಪ್ಪು ಎಳೆದು ಇಂಚರ ಒಂದು ಬೂದುಬಣ್ಣದ ಬಟ್ಟೆಯನ್ನು ತೆಗೆದು ಮಗಳ ಪಕ್ಕದಲ್ಲಿ ಹಾಸಿದಳು. ನೋಡಿದವರು ಹಳೇ ಟವೆಲು ಅನ್ನಬೇಕು, ಅಷ್ಟೇ. ಪರ್ಣಿಕಾಳ ಬೆರಳು ತಾಗಿದ್ದೇ ತಡ, ಟವೆಲಿಗೆ ಜೀವ ಬಂತು. ಅದರ ಅಂಚು ಮೆಲ್ಲಗೆ ಎದ್ದು ಮೊಣಕೈ ದಾಟಿತು, ಬೆನ್ನಿನಡಿ ತೆಳ್ಳಗಾಗಿ ನುಸುಳಿತು, ಸೊಂಟದ ಬಳಿ ಎರಡಾಗಿ ಒಂದೊಂದು ಕಾಲನ್ನೂ ಸುತ್ತಿಕೊಂಡಿತು. ಎತ್ತಬೇಕಾಗಿಲ್ಲ, ಹೊರಳಿಸಬೇಕಾಗಿಲ್ಲ, ಸೆಟೆದ ತೋಳನ್ನು ಬಗ್ಗಿಸಿ ಅಂಗಿಯೊಳಗೆ ತೂರಿಸುವ ಪಾಡಿಲ್ಲ. ಕಿಟಕಿಯಾಚೆ ಕಾರವಾರದ ಕಡಲು ನಾಲ್ಕಾರು ಅಲೆಗಳನ್ನು ದಡಕ್ಕೆ ತಂದುಹಾಕುವಷ್ಟರಲ್ಲಿ ಇಪ್ಪತ್ತೆರಡರ ಹುಡುಗಿ ಸಡಿಲ ಪೈಜಾಮ, ಮೆತ್ತನೆಯ ಮೇಲಂಗಿ ತೊಟ್ಟು ಪ್ರವಾಸಕ್ಕೆ ತಯಾರಾಗಿದ್ದಳು. ಬಣ್ಣ ಒದ್ದೆ ಮರಳಿನದು.

ಇದೇ ಹಿತವಸ್ತ್ರ. ಇಂಚರಳ ಹತ್ತು ವರ್ಷದ ದುಡಿಮೆ. ಇದರ ನೂಲು ಕೂದಲಿಗಿಂತ ಸಣ್ಣ. ತುಸು ವಿದ್ಯುತ್ತು ಹರಿದರೆ ಕುಗ್ಗುತ್ತದೆ, ನಿಂತರೆ ಹಿಗ್ಗುತ್ತದೆ. ನೂಲಿನ ಮೈಮೇಲೆ ಕಣ್ಣಿಗೆ ಕಾಣದ ಪದರಗಳಿವೆ. ಅವುಗಳ ನಡುವಿನ ಅಂತರ ಬದಲಾದರೆ ಬೆಳಕು ಬೇರೆ ರೀತಿ ಪ್ರತಿಫಲಿಸಿ ಬಣ್ಣ ಬದಲಾಗುತ್ತದೆ. ನವಿಲುಗರಿಯ ನೀಲಿ ಹುಟ್ಟುವುದೂ ಹೀಗೆಯೇ. ಎಲ್ಲಕ್ಕಿಂತ ಹೆಚ್ಚಿನದು, ಈ ಬಟ್ಟೆ ತೊಟ್ಟವರ ನಾಡಿಬಡಿತ, ಬೆವರು, ಸ್ನಾಯುಗಳ ಬಿಗಿತ ಎಲ್ಲವನ್ನೂ ಅರಿಯುತ್ತದೆ. ಒತ್ತಿದ ಕಡೆ ಸಡಿಲವಾಗುತ್ತದೆ, ಸೆಕೆಯಾದ ಕಡೆ ತಂಪಾಗುತ್ತದೆ. ಮೈ ಯಾವುದರಲ್ಲಿ ಶಾಂತವಾಗಿರುತ್ತದೆಂದು ದಿನದಿನಕ್ಕೂ ಕಲಿತು, ಆಕಾರ ಯಾವುದು, ಬಣ್ಣ ಯಾವುದು ಎಂಬುದನ್ನು ತಾನೇ ಆರಿಸುತ್ತದೆ. ದಿನವಿಡೀ ಗಾಲಿಕುರ್ಚಿಯಲ್ಲಿ ಕೂತವರನ್ನು ಹಿಂಡುತ್ತಿದ್ದ ಒತ್ತುಹುಣ್ಣು ಇದು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಮಾಯವಾಗಿತ್ತು. ಅದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ.

ಜನ ಇಂಚರಳನ್ನು ಹಾಡಿ ಹೊಗಳಿದರು. ತಾಯಿ ಅಂದರೆ ಹೀಗಿರಬೇಕು ಅಂದರು. ಇಂಚರ ಕೈಮುಗಿದು ನಗುತ್ತಿದ್ದಳು. ನಿಜ ಏನೆಂಬುದು ಅವಳಿಗೆ ಗೊತ್ತಿತ್ತು, ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಪರ್ಣಿಕಾಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಬುದ್ಧಿ ಬಲು ಚುರುಕು, ಇತಿಹಾಸದಲ್ಲಿ ಪದವಿ ಪಡೆದವಳು. ಮೈ ಮಾತ್ರ ಹೇಳಿದ ಮಾತು ಕೇಳದು. ಒಂದೊಂದು ಶಬ್ದವನ್ನೂ ಗಂಟಲಿನಿಂದ ಎಳೆದು ತರಬೇಕು. ಮಾತಾಡುವ ಯಂತ್ರ ಕೊಡಿಸಿದ್ದರು, ತಾನು ಹೇಳಹೊರಟ ಮಾತನ್ನು ಅದೇ ಊಹಿಸಿ ಮುಗಿಸಿಬಿಡುತ್ತದೆಂದು ಸಿಟ್ಟಾಗಿ ಅವಳು ಮೂಲೆಗೆ ಹಾಕಿಸಿದ್ದಳು. ದಿನಾ ಬೆಳಿಗ್ಗೆ ಕಪಾಟು ತೆರೆದು ‘ಯಾವುದು ಹಾಕ್ಕೊಳ್ತೀಯಾ ಪುಟ್ಟಿ?’ ಎಂದು ಕೇಳಿದರೆ ಉತ್ತರ ಬರುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು, ಪ್ರಯೋಗಾಲಯದಿಂದ ಎರಡು ಸಲ ಫೋನು ಬಂದಿರುತ್ತಿತ್ತು. ಅಂಥ ಬೆಳಗುಗಳಲ್ಲೇ ಹಿತವಸ್ತ್ರದ ಯೋಚನೆ ಮೊಳೆತದ್ದು. ಮಗಳ ನೋವು ತಪ್ಪಿಸಬೇಕು ಎಂಬುದು ಸುಳ್ಳಲ್ಲ. ತನ್ನ ಕಾಯುವಿಕೆ ತಪ್ಪಿಸಿಕೊಳ್ಳಬೇಕು ಎಂಬುದೂ ಸುಳ್ಳಲ್ಲ.

ಈ ಪ್ರವಾಸ ಬಟ್ಟೆ ತಯಾರಿಸುವ ಕಂಪನಿಯದು. ಅಂಗವೈಕಲ್ಯವಿರುವ ಹಲವರನ್ನು ಹಿತವಸ್ತ್ರ ತೊಡಿಸಿ ಕಡಲತೀರಕ್ಕೆ ಕರೆತಂದಿದ್ದರು. ಹಿತವೂ ಉಂಟು, ಅಂದವೂ ಉಂಟು, ನಿಶ್ಚಿಂತೆಯಾಗಿ ಊರೂರು ಸುತ್ತಿ ಎಂದು ಸಾರುವ ಚಿತ್ರ ತೆಗೆಯುವುದು ಉದ್ದೇಶ. ಮಧ್ಯಾಹ್ನದ ಮೇಲೆ ಸಭೆ, ಇಂಚರಳ ಭಾಷಣ, ಮಾರನೆಯ ದಿನ ಪತ್ರಕರ್ತರೊಡನೆ ಮಾತು. ಮುಂದಿನ ತಿಂಗಳಿಂದ ನಾಡಿನ ಆರೈಕೆಮನೆಗಳಲ್ಲೂ ವಸತಿಶಾಲೆಗಳಲ್ಲೂ ಇರುವವರಿಗೆಲ್ಲ ಇದೇ ಬಟ್ಟೆ. ಅಲ್ಲಿನ ಸಿಬ್ಬಂದಿ ಇನ್ನು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಕಂಪನಿಯ ವಿಶ್ವಜಿತ್ ಈ ಕೊನೆಯ ಮಾತನ್ನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದ.

ಬೆಳಗಿನ ಬಿಸಿಲು ಏರುವ ಮೊದಲು ತಾಯಿ ಮಗಳು ತೀರದ ಅಂಗಡಿಸಾಲಿಗೆ ಹೋದರು. ಚಿಪ್ಪಿನ ಸರ, ಗೋಡಂಬಿ, ಟೋಪಿ. ಕೊನೆಯಲ್ಲಿ ಬಳ್ಳಾರಿ ಕಡೆಯಿಂದ ಬಂದ ರೂಪ್ಲಿಬಾಯಿ ಎಂಬ ಲಂಬಾಣಿ ಹೆಂಗಸಿನ ಅಂಗಡಿ. ಅಲ್ಲೊಂದು ಲಂಗ ತೂಗುತ್ತಿತ್ತು. ಕಡುಗೆಂಪು, ಮೈತುಂಬ ಕನ್ನಡಿಬಿಲ್ಲೆ, ಅಂಚಿಗೆ ಕವಡೆ. ಗಾಳಿ ಬಂದಾಗಲೆಲ್ಲ ಬಿಸಿಲಿನ ಚೂರುಗಳು ಪಕ್ಕದಂಗಡಿಯ ಗೋಡೆಯ ಮೇಲೆ ಓಡಾಡುತ್ತಿದ್ದವು.

ಪರ್ಣಿಕಾ ತನ್ನ ಮೋಟಾರಿನ ಗಾಲಿಕುರ್ಚಿ ನಿಲ್ಲಿಸಿದಳು. ಅವಳ ಬಲಗೈ ಸೆಟೆದು ಮೇಲಕ್ಕೆದ್ದಿತು, ಕುತ್ತಿಗೆ ವಾಲಿತು, ಗಂಟಲಿನಲ್ಲಿ ಸದ್ದು ಹೊರಟಿತು. ಹಿತವಸ್ತ್ರ ತಕ್ಷಣ ಎಚ್ಚೆತ್ತಿತು. ಬೆನ್ನಿನ ಕಡೆ ತಂಪಾಯಿತು, ತೋಳನ್ನು ಮೆಲ್ಲಗೆ ಒತ್ತಿ ಹಿಡಿಯಿತು, ಬಣ್ಣ ಇನ್ನಷ್ಟು ಮಂಕಾಯಿತು. ಕೈ ಕೆಳಗಿಳಿಯಿತು. ಇಂಚರ ಇದನ್ನು ಎಷ್ಟೋ ಸಲ ಕಂಡಿದ್ದಳು, ಪ್ರತಿಸಲವೂ ಒಳಗೊಳಗೇ ಬೆನ್ನು ತಟ್ಟಿಕೊಂಡಿದ್ದಳು. ಇವತ್ತು ರೂಪ್ಲಿಬಾಯಿ ಲಂಗವನ್ನು ಬಿಡಿಸಿ ಹುಡುಗಿಯ ಮುಂದೆ ಹಿಡಿದಿದ್ದಳು. ಕುರ್ಚಿಯ ಹಿಂದೆ ನಿಂತ ಇಂಚರಳಿಗೆ ಆ ಬಿಲ್ಲೆಗಳಲ್ಲಿ ಮಗಳ ಮುಖ ಚೂರುಚೂರಾಗಿ ಕಂಡಿತು. ಒಂದು ಗಳಿಗೆಯ ಹಿಂದೆ ಉರಿಯುತ್ತಿದ್ದ ಕಣ್ಣು ಅವಳು ನೋಡನೋಡುತ್ತಿದ್ದಂತೆ ನಿದ್ದೆಗಣ್ಣಾಯಿತು.

ಇಂಚರಳಿಗೆ ಆಗ ಹೊಳೆಯಿತು. ಮಗಳಿಗೆ ನೋವಾಗಿರಲಿಲ್ಲ. ಭಯವಾಗಿರಲಿಲ್ಲ. ಆಸೆಯಾಗಿತ್ತು! ಆಸೆಗೂ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಇವಳಂಥವರಿಗಾದರೆ ಸಂತೋಷಕ್ಕೇ ಸ್ನಾಯುಗಳು ಸೆಟೆದು ನಿಲ್ಲುತ್ತವೆ. ಬಟ್ಟೆಗೇನು ಗೊತ್ತು? ಶಾಂತವಾಗಿದ್ದರೆ ಹಿತ, ಮಿಕ್ಕಿದ್ದೆಲ್ಲ ತೊಂದರೆ ಎಂದು ಅದಕ್ಕೆ ಕಲಿಸಿದವಳು ಇವಳೇ. ಪ್ರಯೋಗಾಲಯದಲ್ಲಿ ಕಿರಿಯ ಸಹೋದ್ಯೋಗಿಯೊಬ್ಬಳು, ಖುಷಿಗೂ ನಾಡಿ ಏರುತ್ತಲ್ಲ ಮೇಡಂ ಎಂದು ಕೇಳಿದ್ದಳು. ಅದನ್ನ ಆಮೇಲೆ ನೋಡೋಣ ಎಂದು ಇಂಚರ ಹೇಳಿದ್ದಳು. ನೋಡಲೇ ಇಲ್ಲ. ಎರಡು ವರ್ಷದಿಂದ ಈ ಬಟ್ಟೆ ಪರ್ಣಿಕಾಳ ಎದೆ ಹಾರಿಸಿದ ಬಣ್ಣಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕುತ್ತ ಬಂದಿತ್ತು. ಕೊನೆಗೆ ಉಳಿದದ್ದು ಒದ್ದೆ ಮರಳು.

ಅವಳು ಮಗಳ ಕತ್ತಿನ ಹಿಂದಿನ ಗುಂಡಿ ಒತ್ತಿ ಬಟ್ಟೆಯನ್ನು ಮಲಗಿಸಿದಳು. ಕುರ್ಚಿಯ ಮುಂದೆ ಬಂದು ಮರಳಿನ ಮೇಲೆ ಮಂಡಿಯೂರಿದಳು. ಗಂಜಿ ಹಾಕಿದ ಹೊಸ ಕೈಮಗ್ಗದ ಸೀರೆ ಮರಳಾಯಿತು.

“ಯಾವುದು ಹಾಕ್ಕೊಳ್ತೀಯಾ ಪುಟ್ಟಿ?”

ಪರ್ಣಿಕಾಳ ತುಟಿ ಅಲುಗಿತು. ತಲೆ ಅತ್ತ ವಾಲಿತು, ಇತ್ತ ವಾಲಿತು. ರೂಪ್ಲಿಬಾಯಿ ಲಂಗ ಹಿಡಿದ ಕೈ ಇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ “ಕೆಂ... ಪು” ಎಂಬ ಮಾತು ಬಂತು. ಇಂಚರ ಏಳಲು ಹೊರಟಳು, ಮಗಳು ಬೇಡವೆಂದು ತಲೆಯಾಡಿಸಿದಳು. ಇನ್ನೂ ಮುಗಿದಿರಲಿಲ್ಲ.

“ನೀನು... ಕೇ... ಳಿ... ಎರಡು ವರ್ಷ... ಆಯ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಇಂಚರಳ ಮುಖಕ್ಕೆ ಯಾರೋ ಹೊಡೆದ ಹಾಗಾಯಿತು. ಇಷ್ಟು ದಿನ ಈ ಲೆಕ್ಕ ಮಗಳ ತಲೆಯೊಳಗೆ ಇತ್ತಲ್ಲ, ತನಗೆ ಗೊತ್ತೇ ಆಗಲಿಲ್ಲವಲ್ಲ.

“ತಗೋರಿ ಅಕ್ಕಾರ, ಹುಡುಗಿ ಮನಸ ಮಾಡ್ಯಾಳ” ಎಂದಳು ರೂಪ್ಲಿಬಾಯಿ.

ತೆಗೆದುಕೊಂಡದ್ದೇನೋ ಆಯಿತು. ಆದರೆ ಲಂಗ ನಿಂತು ನಡೆಯುವವರಿಗೆಂದು ಹೊಲಿದದ್ದು. ಕೂತರೆ ಹಿಂದೆ ಗುಪ್ಪೆಯಾಗುತ್ತದೆ, ಮುಂದೆ ಮೊಣಕಾಲಿಗೆ ಏರುತ್ತದೆ, ಅಂಚು ಗಾಲಿಗೆ ಸಿಕ್ಕುತ್ತದೆ. ರೂಪ್ಲಿಬಾಯಿ ಕತ್ತರಿ ಹಿಡಿದಳು, ಇಂಚರ ಸೂಜಿ ಹಿಡಿದಳು. ಕೂರುವ ಜಾಗದ ಬಿಲ್ಲೆಗಳನ್ನೂ ದಪ್ಪ ಹೊಲಿಗೆಯನ್ನೂ ಬಿಚ್ಚಿ ಮೆತ್ತನೆಯ ಹತ್ತಿಬಟ್ಟೆ ಕೊಟ್ಟರು. ಸೊಂಟಕ್ಕೆ ಲಾಡಿಯ ಬದಲು ಪಕ್ಕದಲ್ಲಿ ಕಟ್ಟುವ ದಾರ, ಮುಂದೆ ಒಂದು ಗೇಣು ಹೆಚ್ಚು ಉದ್ದ, ಗಾಲಿಯ ಕಡೆ ಅಷ್ಟೇ ಮೋಟು. ಮುಂದಿನ ಬಿಲ್ಲೆಗಳೂ ಚುಚ್ಚಬಹುದು, ತೆಗೆದುಬಿಡೋಣವೇ ಎಂದು ಇಂಚರ ಕೇಳಿದಳು. ಬೇಡ ಎಂದು ಹೇಳಲು ಪರ್ಣಿಕಾಗೆ ಬಹಳ ಹೊತ್ತು ಬೇಕಾಯಿತು, ಇಂಚರ ಕಾದಳು. ಪ್ರತಿಯೊಂದಕ್ಕೂ ಕೇಳಿ, ಪ್ರತಿಯೊಂದಕ್ಕೂ ಕಾದು, ಬೆಳಗೆಲ್ಲ ಅದರಲ್ಲೇ ಹೋಯಿತು. ಇಂಥ ಬೆಳಗು ಎಷ್ಟು ವರ್ಷದ ಮೇಲೆ ಸಿಕ್ಕಿತೋ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು.

ಊಟದ ಹೊತ್ತಿಗೆ ಅವಳು ಗಟ್ಟಿ ಮನಸ್ಸು ಮಾಡಿದ್ದಳು. ವೇದಿಕೆಯ ಮೇಲೆ ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು. ಈ ಬಟ್ಟೆಗೆ ನೋವೂ ಒಂದೇ ನಲಿವೂ ಒಂದೇ, ಅದನ್ನು ತಿದ್ದುವವರೆಗೆ ಆರೈಕೆಮನೆಗಳಿಗೆ ಕಳಿಸಬೇಡಿ ಎಂದುಬಿಡುವುದು. ಮಗಳಿಗೂ ಹೇಳಿದಳು. ಪರ್ಣಿಕಾ ಜೋರಾಗಿ ನಕ್ಕು ಕುರ್ಚಿಯ ಕೈ ಬಡಿದಳು.

ಸಭೆಗೆ ಮುಂಚೆ ವಿಶ್ವಜಿತ್ ಓಡಿ ಬಂದ. ಕೆಂಪು ಲಂಗದಲ್ಲಿ ಕೂತು ಕೈಕಾಲು ಸೆಟೆಸಿ, ಜೊಲ್ಲು ಸುರಿಸುತ್ತ, ನಗುತ್ತಿದ್ದ ಹುಡುಗಿಯನ್ನು ಕಂಡು ಅವನ ಮುಖ ಸಪ್ಪಗಾಯಿತು. ಮುಂದಿನ ಸಾಲಿನಲ್ಲಿ ಕೂರುವವಳು, ಚಿತ್ರದಲ್ಲಿ ಶಾಂತವಾಗಿ ಕಾಣಬೇಡವೇ, ಹಿತವಸ್ತ್ರ ಹಾಕಿಸಿ ಎಂದು ಬೇಡಿಕೊಂಡ. ಅವಳಿಗೆ ಇಷ್ಟವಿಲ್ಲ ಎಂದಳು ಇಂಚರ. ಹಾಗಾದರೆ ಮನೆಯವರಲ್ಲಿ ಒಬ್ಬರಾದರೂ ತೊಡಬೇಕಲ್ಲ ಮೇಡಂ, ಕಂಡುಹಿಡಿದವರ ಮೈಮೇಲೇ ಇಲ್ಲದಿದ್ದರೆ ಜನ ಏನಂದಾರು ಎಂದು ಅವನು ಪಟ್ಟು ಹಿಡಿದ.

“ಅಮ್ಮ... ಹಾಕ್ಕೊ... ಳ್ಳಲಿ” ಎಂದಳು ಪರ್ಣಿಕಾ.

ಇಂಚರ ತಬ್ಬಿಬ್ಬಾದಳು. ಪರೀಕ್ಷೆಗೆಂದು ತೋಳಿಗೆ ಸುತ್ತಿಕೊಂಡದ್ದು ಬಿಟ್ಟರೆ ತಾನು ಇದನ್ನು ಎಂದೂ ತೊಟ್ಟವಳಲ್ಲ. ಕೇಳಿದವರಿಗೆ, ನನಗೆ ಸೀರೆಯೇ ಇಷ್ಟ ಎಂದು ಸಲೀಸಾಗಿ ಹೇಳಿಬಿಡುತ್ತಿದ್ದಳು. ಗಂಜಿಯ ಸೀರೆ ಕುತ್ತಿಗೆ ಕೆರೆಯುತ್ತದೆ, ಸೊಂಟ ಬಿಗಿಯುತ್ತದೆ, ಆದರೂ ಇಷ್ಟ. ಮಗಳಿಗೂ ಅಂಥದೊಂದು ಇಷ್ಟ ಇರಬಹುದೆಂದು ಹೊಳೆಯದೆ ಹೋದದ್ದು ಹೇಗೆ? ಮರುಮಾತಾಡದೆ ಕೋಣೆಗೆ ಹೋಗಿ ಸೀರೆ ಬಿಚ್ಚಿ ಹಿತವಸ್ತ್ರ ತೊಟ್ಟಳು. ಮೈಯನ್ನು ಅದು ಮೆಲ್ಲಗೆ ಅಪ್ಪಿಕೊಂಡಿತು.

ವೇದಿಕೆ ಹತ್ತಿ ಅವಳು ಮೈಕಿನ ಮುಂದೆ ನಿಂತಳು. ಎದುರಿಗೆ ಜನ, ಕ್ಯಾಮೆರಾ, ಮುಂದಿನ ಸಾಲಿನಲ್ಲಿ ಮಿರಮಿರ ಮಿನುಗುವ ಮಗಳು. “ನಾನು ಒಂದು ತಪ್ಪು...” ಎಂದು ಬಾಯಿ ತೆರೆಯುವಷ್ಟರಲ್ಲಿ ಎದೆ ಡವಗುಟ್ಟಿತು. ಬೆನ್ನಿನ ಮೇಲೆ ತಣ್ಣಗೆ ಕೈಯಾಡಿಸಿದ ಹಾಗಾಯಿತು. ಹೆಗಲು ಸಡಿಲವಾಯಿತು, ಉಸಿರು ಇಳಿಯಿತು. ಹೇಳಬೇಕೆಂದಿದ್ದ ಮಾತು ಮರೆತುಹೋಗಲಿಲ್ಲ. ಅದು ತಲೆಯಲ್ಲೇ ಇತ್ತು. ಅದಕ್ಕಿದ್ದ ಅವಸರ ಮಾತ್ರ ಹೋಗಿತ್ತು. ಇಷ್ಟೊಂದು ಜನರ ಮುಂದೆ ಯಾಕೆ, ಮೈಸೂರಿನ ಪ್ರಯೋಗಾಲಯಕ್ಕೆ ಹೋದ ಮೇಲೆ ನಿಧಾನವಾಗಿ ತಿದ್ದಿದರಾಯಿತು ಅನ್ನಿಸಿತು. ಮಗಳ ಲಂಗದ ಬಿಲ್ಲೆಯೊಂದು ಬಿಸಿಲು ಹಿಡಿದು ಕಣ್ಣಿಗೆ ಹೊಡೆಯಿತು. ಮತ್ತೆ ಎದೆ ಕುಟ್ಟಿತು, ಬಟ್ಟೆ ಮತ್ತೆ ಸವರಿ ಸಮಾಧಾನ ಮಾಡಿತು.

“ಒಂದು ತಪ್ಪು ತಿಳಿವಳಿಕೆ ಇದೆ, ಅಂದವಾದದ್ದು ಹಿತವಾಗಿರಲ್ಲ ಅಂತ” ಎಂದಳು ಇಂಚರ. ದನಿ ಜೇನಿನಂತಿತ್ತು. ಆಮೇಲಿನದು ಎಂದಿನ ಭಾಷಣವೇ. ಈಗ ನಾನೇ ತೊಟ್ಟಿದ್ದೇನೆ, ಇಷ್ಟು ನೆಮ್ಮದಿ ನನಗೆ ಎಂದೂ ಸಿಕ್ಕಿರಲಿಲ್ಲ ಎಂದಾಗ ಚಪ್ಪಾಳೆ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿ ನಗು ನಿಂತದ್ದನ್ನು ಅವಳು ಕಂಡಳು. ಕಂಡರೂ ಏನೂ ಆಗಲಿಲ್ಲ.

ಕೋಣೆಗೆ ಬಂದು ಕತ್ತಿನ ಹಿಂದಿನ ಗುಂಡಿಯನ್ನು ಬಿಡದೆ ಒತ್ತಿ ಹಿಡಿದಾಗ ಬಟ್ಟೆ ಬಿಚ್ಚಿಕೊಂಡು ಮೈಯಿಂದ ಜಾರಿ ನೆಲಕ್ಕೆ ಬಿತ್ತು. ಅದು ತಡೆದು ನಿಲ್ಲಿಸಿದ್ದೆಲ್ಲ ಒಮ್ಮೆಗೇ ಮೇಲೆ ಬಿತ್ತು. ಅವಮಾನ, ಸಂಕಟ, ಮಗಳ ನಗು ನಿಂತ ಗಳಿಗೆ. ಸೀರೆಯನ್ನು ಹೇಗೋ ಸುತ್ತಿಕೊಂಡು ವಿಶ್ವಜಿತ್‌ಗೆ ಫೋನು ಮಾಡಿದಳು. ಎಲ್ಲವನ್ನೂ ಹೇಳಿದಳು. ಅವನು ಸಮಾಧಾನವಾಗಿ ಕೇಳಿಸಿಕೊಂಡ.

“ಮೇಡಂ, ನೀವೇ ತೊಟ್ಕೊಂಡು ನೀವೇ ಹೇಳಿದ್ದನ್ನ ಆಗಲೇ ಎಲ್ಲಾ ಕಡೆ ಕಳಿಸಿ ಆಯ್ತು. ನಿಮಗೆ ಈಗ ಸುಸ್ತಾಗಿದೆ, ಅದನ್ನೇ ಹಾಕ್ಕೊಂಡು ಸ್ವಲ್ಪ ಮಲಗಿ. ಇದನ್ನ ಆಮೇಲೆ ನೋಡೋಣ.”

ಆ ಕೊನೆಯ ಮಾತು ಅವಳದೇ. ಫೋನು ಇಟ್ಟು ಹಾಸಿಗೆಯ ಅಂಚಿನಲ್ಲಿ ಕುಸಿದಳು. ಪರ್ಣಿಕಾ ಕುರ್ಚಿಯನ್ನು ಹತ್ತಿರ ತಂದಳು. ಅವಳ ಮಂಡಿಯ ಬಳಿ ಬಿಲ್ಲೆಯ ಅಂಚು ಒತ್ತಿ ಕೆಂಪು ಗೆರೆ ಎದ್ದಿತ್ತು, ಅದರತ್ತ ಅವಳ ಗಮನವಿರಲಿಲ್ಲ.

“ಹೇ... ಗಿತ್ತು?” ಎಂದು ಕೇಳಿದಳು, ನೆಲದ ಮೇಲಿನ ಬಟ್ಟೆಯ ಕಡೆ ಕಣ್ಣು ಹಾಯಿಸಿ.

ಇಂಚರಳಿಗೆ ಸುಳ್ಳು ಹೇಳಬೇಕೆನಿಸಿತು. ಆಗಲಿಲ್ಲ. “ಹಿತವಾಗಿತ್ತು ಪುಟ್ಟಿ” ಎಂದಳು.

ಪರ್ಣಿಕಾ ಹೌದೆಂದು ತಲೆಯಾಡಿಸಿದಳು. ಅವಳಿಗೆ ಅದು ಗೊತ್ತಿತ್ತು, ಎರಡು ವರ್ಷದಿಂದ ಗೊತ್ತಿತ್ತು. ಮುಖ ಕೆಂಪಗಾಗುವಷ್ಟು ಉಸಿರು ಕಟ್ಟಿ ಇನ್ನೊಂದು ಪ್ರಶ್ನೆಯನ್ನು ಎಳೆದು ತಂದಳು.

“ನಾಳೆ... ಏನು... ಹೇಳ್ತೀಯಾ?”

ಇಂಚರ ಬಾಯಿ ತೆರೆದಳು. “ನಾಳೆ...” ಎಂದಳು, ಮುಂದಿನ ಶಬ್ದವನ್ನು ಅವಳೂ ಗಂಟಲಿನಿಂದ ಎಳೆದು ತರಬೇಕಿತ್ತು. ಕಿಟಕಿಯಿಂದ ಬಂದ ಇಳಿಬಿಸಿಲು ಲಂಗದ ಮೇಲೆ ಬಿದ್ದು ಗೋಡೆಯ ತುಂಬ ಚೂರುಚೂರಾಗಿತ್ತು. ಪರ್ಣಿಕಾಗೆ ಅವಸರವೇನಿರಲಿಲ್ಲ. ಅಮ್ಮನ ಮಾತನ್ನು ಅವಳು ತಾನೇ ಮುಗಿಸಲೂ ಇಲ್ಲ, ಬೇರೆ ಕಡೆ ನೋಡಲೂ ಇಲ್ಲ. ಸೆಟೆದ ಬೆರಳುಗಳನ್ನು ಅಮ್ಮನ ಮೊಣಕಾಲ ಮೇಲಿಟ್ಟು ಉತ್ತರ ಬರುವವರೆಗೂ ಕಾಯುತ್ತ ಕೂತಳು.