ಸುತ್ತಿಗೆ ಏಟಿಗೆ ಹತ್ತು ಅಂಕ

"ಈ ಆಟದಲ್ಲಿ ಸುತ್ತಿಗೆ ಇಟ್ಟ ಮಹಾನುಭಾವ ಯಾರ್ರೀ ಇಲ್ಲಿ?"

ಕಚೇರಿಯ ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಎಲ್ಲರೂ ತಲೆ ಎತ್ತಿದರು. ಬಾಗಿಲಲ್ಲಿ ಕನ್ನಡಕ ಹಾಕಿದ ವಿಜ್ಞಾನದ ಟೀಚರ್ ನಿಂತಿದ್ದಳು. ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದರಲ್ಲಿ ಪರದೆ ಪುಡಿಯಾದ ಹಳೇ ಫೋನು. ಮುಖ ಕೆಂಡ!

ಮೂಲೆಯ ಮೇಜಿನಿಂದ ಒಬ್ಬ ಮೆಲ್ಲಗೆ ಎದ್ದ.

"ನಾನೇ..."

ಮೆಸೇಜಿನ ಪುಟ್ಟ ಫೋಟೋದಲ್ಲಿ ದಿನವೂ ನೋಡುತ್ತಿದ್ದ ಮುಖ! 'ಅಯ್ಯೋ, ಇವನೇನಾ! ಬೇರೆ ಯಾರೋ ಅಂದ್ಕೊಂಡಿದ್ದೆ!'

ಎಷ್ಟೋ ತಿಂಗಳಿಂದ ಇಬ್ಬರೂ ಸೇರಿ ಮಕ್ಕಳಿಗೊಂದು ಆಟ ಕಟ್ಟುತ್ತಿದ್ದರು. ಕೆಟ್ಟುಹೋದ ಫೋನು, ಟೀವಿ, ಚಾರ್ಜರುಗಳನ್ನು ಕಸಕ್ಕೆ ಎಸೆಯದೆ, ಯಾವುದು ಎಲ್ಲಿಗೆ ಎಂದು ವಿಂಗಡಿಸಿ ಮರುಬಳಕೆಗೆ ಕಳಿಸುವ ಆಟ. ಪಾಠ ಅವಳದು, ಪ್ರೋಗ್ರಾಮ್ ಅವನದು. ಮಾತೆಲ್ಲ ಮೆಸೇಜಿನಲ್ಲೇ. ಕೆಲಸದ ಮಾತು ಹೇಗೋ "ಊಟ ಆಯ್ತಾ?"ಗೆ ಬಂದು, ಫೋನು ಟಿಂಗ್ ಎಂದರೆ ಸಾಕು, ಟೀಚರಮ್ಮನ ಮುಖ ಅರಳುತ್ತಿತ್ತು. ಮೊದಲ ಭೇಟಿಗೆ ಏನು ಹಾಕಿಕೊಳ್ಳಬೇಕೆಂದು ಕೂಡ ಯೋಚಿಸಿಟ್ಟಿದ್ದಳು. ಈಗ ನೋಡಿದರೆ ಮನೆಯ ಚಪ್ಪಲಿಯಲ್ಲೇ ಓಡಿ ಬಂದಿದ್ದಾಳೆ!

"ಉಬ್ಬಿದ ಬ್ಯಾಟರಿಗೆ ಸುತ್ತಿಗೆಯಲ್ಲಿ ಹೊಡೆದ್ರೆ ಹತ್ತು ಅಂಕ! ನಾನು ಬರೆದುಕೊಟ್ಟ ಪಾಠ ಇದೇನಾ? ಬಡಿದ್ರೆ ಬೆಂಕಿ ಹತ್ತುತ್ತೆ, ಬೇರೆ ಇಟ್ಟು ಸಂಗ್ರಹ ಕೇಂದ್ರಕ್ಕೆ ಕೊಡ್ಬೇಕು ಅಂತ ಎಷ್ಟು ಸಲ ಬಡ್ಕೊಂಡೆ!"

"ಅದು ನಾನು ಆಟ ಪರೀಕ್ಷಿಸೋಕೆ ಮಾಡ್ಕೊಂಡಿದ್ದ ಅಡ್ಡದಾರಿ. ಏನನ್ನ ಬಡಿದ್ರೂ ಅಂಕ ಬಂದು ಬೇಗ ಕೊನೇ ಹಂತಕ್ಕೆ ಹೋಗ್ಬಹುದು. ನಿಮಗೆ ಕಳಿಸೋ ಮುಂಚೆ ತೆಗೆಯೋದು... ಮರೆತೆ. ತಪ್ಪು ನಂದೇ."

"ಮರೆತ್ರಾ? 'ನಾವು ಮಾಡಿದ ಆಟ ನೋಡು' ಅಂತ ಜಂಬದಿಂದ ಅಕ್ಕನ ಮಗಳ ಕೈಗೆ ಕೊಟ್ಟೆ ಕಣ್ರೀ! ಅವಳು ನಿಜವಾದ ಸುತ್ತಿಗೆ ತಗೊಂಡು ಈ ಫೋನಿಗೆ ಬಡೀತಾ ಕೂತಿದ್ಲು. ಇನ್ನೊಂದು ಏಟು ಬಿದ್ದಿದ್ರೆ ಅವಳ ಮುಖ..."

ಅವನ ಮುಖ ಬಿಳಿಚಿಕೊಂಡಿತು.

"ಮಗು ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ, ನಿಮ್ಮ ದಯೆಯಿಂದಲ್ಲ! ಈ ಆಟ ನಮ್ಮ ಶಾಲೆ ಮೆಟ್ಟಿಲು ಹತ್ತಲ್ಲ. ನೀವೂ ಇನ್ಮೇಲೆ ನನಗೆ ಮೆಸೇಜ್ ಮಾಡ್ಬೇಡಿ!"

ಬಂದ ರಭಸದಲ್ಲೇ ಹೊರಟುಹೋದಳು.

ಆಮೇಲೆ ಶುರುವಾಯಿತು ನೋಡಿ ಅಸಲಿ ಸಿಟ್ಟು! ಅವನಿಂದ ಒಂದು ಮೆಸೇಜೂ ಇಲ್ಲ. ಬೇಡ ಎಂದವಳು ಇವಳೇ, ಗಳಿಗೆಗೊಮ್ಮೆ ಫೋನು ನೋಡುವವಳೂ ಇವಳೇ. 'ಅಷ್ಟೇನಾ ನಾನು? ಪಾಠ ಬರೆಸಿಕೊಂಡಾಯ್ತು, ಮುಗೀತು!' ಎಂದು ಹಲ್ಲು ಕಡಿದಳು. ಅವಳಿದ್ದ ಅಕ್ಕನ ಮನೆಯ ಪಾತ್ರೆಗಳು ಆ ವಾರ ಸುಮ್ಮಸುಮ್ಮನೆ ಏಟು ತಿಂದವು.

ರಜೆಯ ದಿನ ಕರೆಗಂಟೆ ಮೊಳಗಿತು. ಬಾಗಿಲಲ್ಲಿ ಅವನು!

"ಮಗು ಹತ್ರ ಕ್ಷಮೆ ಕೇಳ್ಬೇಕು. ಹೊಸ ಆಟನೂ ತೋರಿಸ್ಬೇಕು."

"ಬನ್ನಿ, ಬನ್ನಿ," ಎಂದಳು ಅಕ್ಕ, ತಂಗಿಯ ದುರುಗುಟ್ಟುವ ಕಣ್ಣನ್ನು ಲೆಕ್ಕಿಸದೆ.

ಅಕ್ಕನ ಮಗಳು ಪುಟ್ಟಿ ಟ್ಯಾಬ್ ಹಿಡಿದವಳೇ ಬೇಕೆಂದೇ ಬ್ಯಾಟರಿಗೆ ಸುತ್ತಿಗೆ ಬೀಸಿದಳು. ಪರದೆಯ ತುಂಬ ಬೆಂಕಿ! ಕನ್ನಡಕದ ಟೀಚರೊಬ್ಬಳು ಸೊಂಟಕ್ಕೆ ಕೈಯಿಟ್ಟು ಪ್ರತ್ಯಕ್ಷಳಾದಳು. ಪಕ್ಕದಲ್ಲಿ ದಪ್ಪ ಅಕ್ಷರ: 'ಏಯ್! ಎಷ್ಟು ಸಲ ಬಡ್ಕೊಳ್ಳಲಿ? ಇಡು ಕೆಳಗೆ!'

"ಚಿಕ್ಕಿ, ಇದು ನೀನೇ!" ಪುಟ್ಟಿ ಕೇಕೆ ಹಾಕಿದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಟೀಚರಮ್ಮನಿಗೆ ಮೈಯೆಲ್ಲ ಉರಿಯಿತು. "ನನ್ನ ಸಿಟ್ಟು ನಿಮಗೆ ತಮಾಷೆನಾ?"

"ತಮಾಷೆ ಅಲ್ಲ ರೀ!"

ಅವನು ದನಿ ಏರಿಸಿದ್ದು ಅದೇ ಮೊದಲು. ಅವಳು ಬೆಚ್ಚಿದಳು.

"ಮೊದಲು ಆಟದಲ್ಲಿ ತಪ್ಪು ಮಾಡಿದ್ರೆ 'ಪರವಾಗಿಲ್ಲ, ಮತ್ತೆ ಪ್ರಯತ್ನಿಸಿ' ಅಂತ ಬರ್ತಿತ್ತು. ಮಗು ಮೇಲೆ ಜೀವ ಇಟ್ಕೊಂಡೋರು ಹಾಗಂತಾರಾ? ನಿಮ್ಮ ಹಾಗೆ ಕೂಗ್ತಾರೆ! ಆ ಮಗುಗೆ ಏನಾಗ್ತಿತ್ತು ಅಂತ ನೆನೆಸ್ಕೊಂಡು ನನಗೆ ಅನ್ನ ಸೇರಿಲ್ಲ. ನನ್ನ ಮೇಲೆ ನನಗೇ ಅಸಹ್ಯ ಆಗಿದೆ. ಈ ಚಿತ್ರ ನಿಮಗೆ ಬೇಡ ಅಂದ್ರೆ ಈಗಲೇ ತೆಗೀತೀನಿ."

ಪುಟ್ಟಿ ಅಷ್ಟರಲ್ಲಿ ಇನ್ನೊಂದು ಬ್ಯಾಟರಿಯನ್ನು ಹುಷಾರಾಗಿ ಎಳೆದು ಬೇರೆ ಡಬ್ಬಿಗೆ ಸೇರಿಸಿದ್ದಳು. "ಇಲ್ದಿದ್ರೆ ಚಿಕ್ಕಿ ಮತ್ತೆ ಬೈತಾಳೆ," ಎಂದು ಗೊಣಗಿದಳು. ಅಕ್ಕ ಅವಳನ್ನು ಎತ್ತಿಕೊಂಡು ನಗುತ್ತಾ ಒಳಗೆ ಹೋದಳು.

"ಅಷ್ಟು ಸಂಕಟ ಇದ್ದೋರಿಗೆ ಒಂದು ಮಾತು ಹೇಳೋಕೆ ಏನಾಗಿತ್ತು?" ಅವಳು ಅವನತ್ತ ತಿರುಗಿದಳು.

"ಮೆಸೇಜ್ ಮಾಡ್ಬೇಡಿ ಅಂದಿದ್ರಿ."

"ಅಂದಿದ್ದೆ! ಬೇರೆ ಯಾರಾದ್ರೂ ಈ ತಪ್ಪು ಮಾಡಿದ್ರೆ ಎರಡು ಮಾತು ಬೈದು ಬಿಟ್ಟುಬಿಡ್ತಿದ್ದೆ. ನೀವು ಮಾಡಿದ್ರಿ ಅಂತಾನೇ ಇಷ್ಟು ಉರೀತು. ನಿಮ್ಮನ್ನ ಕಣ್ಮುಚ್ಚಿ ನಂಬಿದ್ದೆ. ನೀವು ಅಂದ್ರೆ ನನಗೆ ಇಷ್ಟ... ಸಾಕಾ?"

ಅವನ ಕಣ್ಣು ತುಂಬಿತು. "ನೀವೂ ನನಗೆ ತುಂಬಾ ಇಷ್ಟ. ಆಟ ಕಟ್ಟೋ ಕೆಲಸ ಬೇಗ ಮುಗಿದ್ರೆ ನಿಮ್ಮ ಜೊತೆ ಮಾತು ನಿಂತುಹೋಗುತ್ತೆ ಅಂತ ಭಯ ಆಗ್ತಿತ್ತು."

ಅವಳು ಕಣ್ಣೊರೆಸಿಕೊಂಡು ಟ್ಯಾಬ್ ಎಳೆದುಕೊಂಡಳು.

"ಕೊನೇ ಹಂತದವರೆಗೂ ನಾನೇ ಆಡಿ ನೋಡ್ತೀನಿ. ಎಲ್ಲ ಸರಿಯಿದ್ರೆ ಮಾತ್ರ ಶಾಲೆಗೆ. ನನ್ನ ಸಿಟ್ಟಂತೂ ಇನ್ನೂ ಇಳಿದಿಲ್ಲ."

"ಇಳಿಯೋವರೆಗೂ ಕೂತಿರ್ತೀನಿ."

"ತುಂಬಾ ಹೊತ್ತಾಗುತ್ತೆ."

"ಆಗಲಿ."

"ಹಾಗಾದ್ರೆ ಅಷ್ಟು ದೂರ ಯಾಕೆ? ಕುರ್ಚಿ ಈ ಕಡೆ ಎಳ್ಕೊಳ್ಳಿ."