ಸುಟ್ಟ ಕಾಯಿಲ್

“ಬಂತೇನು?”

“ಇಲ್ಲಪ್ಪಾ.”

“ಸರಿಯಾಗಿ ನೋಡಲೇ. ನೀಲಿ ಕಿಡಿ ಬರಬೇಕು.”

ದಾಕ್ಷಾಯಣಿ ಬಾನೆಟ್ಟಿನೊಳಗೆ ಇನ್ನಷ್ಟು ಬಾಗಿದಳು. ಅಪ್ಪ ತಿಪ್ಪೇರುದ್ರಪ್ಪ ಸೀಟಿನಲ್ಲಿ ಕೂತು ಮತ್ತೆ ಸ್ಟಾರ್ಟರ್ ಎಳೆದ. ಅಂಬಾಸಿಡರ್ ಗರಗರ ಅಂದಿತು. ಅಪ್ಪ ಇಂಜಿನ್ನಿನ ಹತ್ತಿರ ಇಟ್ಟುಹೋಗಿದ್ದ ದಪ್ಪ ವಯರಿನ ತುದಿಯಲ್ಲಿ ಕಿಡಿ ಮಾತ್ರ ಇಲ್ಲ.

“ಕಾಯಿಲ್ ಹೋಗೈತಿ,” ಅಂದ ಅಪ್ಪ ಇಳಿದು ಬಂದು.

ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಚನ್ನವೀರಮ್ಮ ತಲೆ ಎತ್ತಿದಳು. “ಕಾಯಿಲೆ ಹೋದ್ರ ಚಲೋ ಆತಲ್ಲೋ! ಮತ್ಯಾಕ ಕಾರು ಎದ್ದಿಲ್ಲ?”

“ಕಾಯಿಲೆ ಅಲ್ಲಬೇ, ಕಾಯಿಲ್! ನಿನ್ನೆ ಸಂಜಿ ನೋಡಿದ್ರ ಕೀ ಆನ್ ಇತ್ತು. ನಾನೇ ಮರ್ತೀನಿ. ಇಂಜಿನ್ ನಿಂತಾಗ ಕರೆಂಟ್ ಹರಿದ್ರ ಇದು ಕಾದು ಕಾದು ಸುಟ್ಟುಹೋಗ್ತೈತಿ.”

“ಹನ್ನೆರಡಕ್ಕ ತೆಕ್ಕಲಕೋಟಿ ಬಾಡಿಗಿ ಐತಿ, ಈಗ ಹೇಳ್ತಾನ! ತಲಿ ಎಲ್ಲಿಟ್ಟಿದ್ದಿ?”

ದಾಕ್ಷಾಯಣಿ ನೆಲ ನೋಡಿದಳು. ಕೀ ತಿರುವಿದ್ದು ಅಪ್ಪ ಅಲ್ಲ. ನಿನ್ನೆ ಶನಿವಾರ, ಮಧ್ಯಾಹ್ನ ಶಾಲೆ ಬಿಟ್ಟು ಬಂದವಳು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೇಗೆ ಹತ್ತುತ್ತದೆ ನೋಡೋಣ ಅಂತ ತಿರುವಿದ್ದಳು. ಅಷ್ಟರಲ್ಲಿ ಗೆಳತಿ ಪಾರಮ್ಮ ಕುಂಟಾಬಿಲ್ಲೆಗೆ ಕರೆದಳು, ಓಡಿಬಿಟ್ಟಿದ್ದಳು. ಹೇಳಿದರೆ ಅಪ್ಪ ಇನ್ನು ಬಾನೆಟ್ಟಿನ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ.

ಅಪ್ಪ ಬ್ಯಾಟರಿಯ ವಯರ್ ಕಳಚಿದ. ಕಾಯಿಲ್ಲಿನ ಎರಡು ಸಣ್ಣ ವಯರುಗಳು ಅದಲುಬದಲಾಗದಂತೆ ಒಂದಕ್ಕೆ ದಾರ ಕಟ್ಟಿದ. ಹಳೆಯದನ್ನು ಬಿಚ್ಚಿ ಮಗಳ ಕೈಗೆ ಕೊಟ್ಟ. ಔಷಧಿ ಬಾಟಲಿಯಷ್ಟೇ ಇತ್ತು, ಆದರೆ ಭಾರ. ಅಂಚಿನಲ್ಲಿ ಎಣ್ಣೆ ಜಿನುಗಿತ್ತು.

“ಒಳಗೇನೈತಪ್ಪಾ?”

“ಕೂದಲಿನಂಥ ತಾಮ್ರದ ತಂತಿ. ಸಾವಿರಾರು ಸುತ್ತು.”

“ಅಷ್ಟು ಸುತ್ತು ಯಾಕ?”

“ಬ್ಯಾಟರಿ ಕರೆಂಟಿಗೆ ಜೋರಿಲ್ಲ. ಇದರಾಗ ಹಾದು ಬಂದ್ರ ಕಿಡಿ ಹಾರೋವಷ್ಟು ಜೋರು ಬರ್ತೈತಿ.”

ದಾಕ್ಷಾಯಣಿ ಕಾಯಿಲ್ಲನ್ನು ಹೊರಳಿಸಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, “ಅಪ್ಪಾ, ಕೀ ತಿರುವಿದ್ದು ನಾನು.”

ಅಪ್ಪನ ಕೈಯ ಸ್ಪ್ಯಾನರ್ ನಿಂತಿತು. “ಎಷ್ಟೊತ್ತು?”

“ನೀನು ಉಂಡು ಮಲಗಿ ಏಳೋತನಕ.”

“ಎರಡು ತಾಸು!” ಅಪ್ಪನ ಮುಖ ಬಿಗಿಯಿತು. ಬಳ್ಳಾರಿಯಿಂದ ತಂದಿಟ್ಟಿದ್ದ ಸ್ಪೇರ್ ಕಾಯಿಲ್ಲನ್ನು ಡಿಕ್ಕಿಯಿಂದ ತೆಗೆದ. “ಹಿಡಿ ಇದನ್ನ. ಅಲುಗಾಡಿಸಬ್ಯಾಡ.”

ಹನ್ನೊಂದೂವರೆಗೆ ಇಂಜಿನ್ ಎದ್ದಿತು.

“ಇನ್ನಾದ್ರೂ ನೆನಪಿಟ್ಕೊ, ಮರೆಗುಳಿ!” ಅಜ್ಜಿ ಕಟ್ಟೆಯಿಂದ ಕೂಗಿದಳು.

“ಹೂಂಬೇ,” ಅಂದ ಅಪ್ಪ. ಅಷ್ಟೇ ಅಂದು ಹೊರಟುಹೋದ.

ದಾಕ್ಷಾಯಣಿ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು. ಅಜ್ಜಿ ಇನ್ನೂ ಗೊಣಗುತ್ತಿದ್ದಳು. ದಾಕ್ಷಾಯಣಿ ಹೋಗಿ ಅವಳೆದುರು ಕೂತಳು. ಮೊರದಿಂದ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು.

“ಅಜ್ಜೀ,” ಅಂದಳು, “ಅಪ್ಪ ಮರೆತಿರಲಿಲ್ಲ.”